ಜನನ ಪ್ರಮಾಣಪತ್ರಕ್ಕೊಂದು ಕುಂಕುಮ

ನಮ್ಮ ಅತ್ತೆಯ ಕೈಗೆ ಸಿಕ್ಕ ಯಾವ ಕಾಗದವೂ ಬಿಳಿಯಾಗಿ ಉಳಿದದ್ದಿಲ್ಲ ಎಂದರೆ ನೀವು ನಂಬುವುದಿಲ್ಲ. ನಂಬಬೇಡಿ; ಧಾರವಾಡದ ಮಾಳಮಡ್ಡಿಗೆ ಹೋಗಿ ಆಕೆಯ ಟ್ರಂಕು ತೆಗೆಸಿ ನೋಡಿ! ಮನೆಪತ್ರ, ಪಡಿತರ ಚೀಟಿ, ಮಿಕ್ಸರಿನ ಗ್ಯಾರಂಟಿ ಕಾರ್ಡು, ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಎಲ್ಲದಕ್ಕೂ ಅರಿಷಿಣ, ಕುಂಕುಮ. ಈಕೆ ಅಪ್ಪನ ಅಕ್ಕ. ಮೂವತ್ತು ವರ್ಷ ಒಂದು ಸರ್ಕಾರಿ ಕಚೇರಿಯ ದಾಖಲೆ ಕೋಣೆಯಲ್ಲಿ ದುಡಿದು ನಿವೃತ್ತಳಾದವಳು. ಅಲ್ಲಿನ ಕಡತಗಳ ಗತಿ ಏನಾಗಿದೆಯೋ, ನಾನು ವಿಚಾರಿಸಲು ಹೋಗಿಲ್ಲ.

ನನ್ನ ಪಾಸ್‌ಪೋರ್ಟ್ ಬಂದ ದಿನ ಫೋಟೋದ ಹಣೆಗೇ ಬೆರಳು ಒಯ್ದಿದ್ದಳು. ಚೀರಿ ಕಸಿದುಕೊಂಡೆ. "ಖಾಲಿ ಹಣಿ ಇಟ್ಕೊಂಡು ಫೋಟೋ ತಗಿಸೀಯಲ್ಲ, ಬುದ್ಧಿ ಐತೇನು ನಿನಗ?" ಎಂದು ನನಗೇ ಬೈದಳು!

ಇಂಥವಳ ಟ್ರಂಕಿನಲ್ಲಿ ಜನನ ಪ್ರಮಾಣಪತ್ರ ಬಿಟ್ಟು ನಾನು ಜರ್ಮನಿಗೆ ಓದಲು ಬಂದೆ. ಎರಡನೆಯ ವರ್ಷ ವಾಸದ ಪರವಾನಿಗೆ ಮುಗಿಯುತ್ತ ಬಂತು. ನವೀಕರಿಸಲು ಹೋದರೆ ಜನನ ಪ್ರಮಾಣಪತ್ರದ ಮೂಲ ಪ್ರತಿಯೇ ಬೇಕು, ಅದರ ಮೇಲೆ ನಮ್ಮ ಸರ್ಕಾರದ ದೃಢೀಕರಣದ ಮೊಹರೂ ಇರಬೇಕು ಎಂದರು. ತರದಿದ್ದರೆ? ಗಂಟುಮೂಟೆ ಕಟ್ಟುವುದು. ನನ್ನ ಕೊನೆಯ ಪರೀಕ್ಷೆಗೆ ಇನ್ನೂ ಎರಡು ತಿಂಗಳಿತ್ತು. ಈಗ ಹೊರಟರೆ ಪದವಿಗೆ ಎಳ್ಳುನೀರು.

"ನೀ ಸುಮ್ಮನ ಓದಕೋತ ಕೂಡು. ಕಚೇರಿ ಕೆಲಸ ನನಗೇನು ಹೊಸಾದಲ್ಲ" ಎಂದಳು ಅತ್ತೆ ಫೋನಿನಲ್ಲಿ. ಬೆಂಗಳೂರಿಗೆ ಕಳಿಸಿ, ಮೊಹರು ಹಾಕಿಸಿ, ಎರಡೇ ವಾರದಲ್ಲಿ ನನಗೆ ತಲುಪಿಸಿಬಿಟ್ಟಳು. ಲಕೋಟೆ ಒಡೆದೆ. ಮೊಹರಿನ ನಟ್ಟನಡುವೆ ಅರಿಷಿಣ! ಅದರ ಮೇಲೆ ಕುಂಕುಮ! ಒದ್ದೆ ಬೆರಳಿನಿಂದ ಹಚ್ಚಿದ್ದಕ್ಕೆ ಶಾಯಿ ಕರಗಿ ಮೊಹರಿನ ಸಂಖ್ಯೆಯೇ ಮಾಯವಾಗಿತ್ತು.

ಇಲ್ಲಿನ ಪರವಾನಿಗೆ ಕಚೇರಿಯ ಹೆಣ್ಣುಮಗಳು ಕಾಗದವನ್ನು ಬೆಳಕಿಗೆ ಹಿಡಿದಳು. ಮೂಸಿ ನೋಡಿದಳು.

"ಇದು ರಕ್ತವೇ?"

"ಅಲ್ಲ, ನಮ್ಮ ಅತ್ತೆ."

ಗಾಬರಿಯಲ್ಲಿ ನನ್ನ ಜರ್ಮನ್ ಅಷ್ಟಕ್ಕೇ ನಿಂತಿತು. ಆಕೆ ನಗಲಿಲ್ಲ. ಸಂಖ್ಯೆ ಕಾಣದ ಮೊಹರು ನಡೆಯುವುದಿಲ್ಲ, ಹೊಸದು ತನ್ನಿ, ನಿಮಗೆ ಉಳಿದಿರುವುದು ಇಪ್ಪತ್ತೊಂದು ದಿನ ಎಂದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ನಿಂತೇ ಅತ್ತೆಗೆ ಫೋನ್ ಮಾಡಿದೆ. ಎಂದೂ ಆಕೆಯ ಮುಂದೆ ದನಿ ಎತ್ತದವಳು "ನಿನ್ನ ಕೈಯಿಂದ ನನ್ನ ಓದೆಲ್ಲಾ ಹಾಳಾತು ನೋಡು!" ಎಂದುಬಿಟ್ಟೆ. ತಿರುಗಿ ಬೈಯಬೇಕಾದ ಅತ್ತೆ "ಹೊಸಾದು ತಗಸ್ತೇನವ್ವಾ" ಎಂದಷ್ಟೇ ಹೇಳಿ ಫೋನಿಟ್ಟಳು.

ಅಲ್ಲಿಂದ ನನಗೆ ಊಟವಿಲ್ಲ, ನಿದ್ದೆಯಿಲ್ಲ. ಧಾರವಾಡದಲ್ಲಿ ಹೊಸ ಪ್ರತಿ ಕೊಡುವ ಕಚೇರಿಯಲ್ಲಿ ಒಂದು ದಿನ ಕಂಪ್ಯೂಟರ್ ಕೆಟ್ಟಿತು, ಮರುದಿನ ಸಹಿ ಮಾಡುವವರು ಬರಲಿಲ್ಲ. ಅತ್ತೆ ಬುತ್ತಿ ಕಟ್ಟಿಕೊಂಡು ಹೋಗಿ ಅಲ್ಲಿನ ಬೆಂಚಿನ ಮೇಲೆ ಕುಳಿತಳಂತೆ, ಅಪ್ಪ ಹೇಳಿದ್ದು. ಮೂರನೆಯ ದಿನ ಸಾಹೇಬರೇ ಎದ್ದು ಬಂದು "ಅಕ್ಕಾರ, ನೀವು ಮನಿಗೆ ಹೋಗ್ರಿ, ನಾನ ಕಳಸ್ತೇನಿ" ಎಂದರೆ ಈಕೆ, "ಮೂವತ್ತು ವರ್ಷ ನಾನೂ ಮಂದಿಗೆ ಇದನ್ನ ಹೇಳೇನ್ರಿ. ಕೈಗೆ ಕೊಡ್ರಿ, ಹೋಗ್ತೇನಿ" ಎಂದಳಂತೆ! ಸಂಜೆಯೊಳಗೆ ಪ್ರತಿ ಕೈಗೆ ಬಂತು. ಮತ್ತೆ ಬೆಂಗಳೂರು, ಮತ್ತೆ ಮೊಹರು.

ಎರಡೇ ದಿನ ಉಳಿದಿದ್ದಾಗ ಲಕೋಟೆ ಬಂತು. ಒಡೆದು ಕಾಗದ ಹೊರತೆಗೆದೆ. ಹಿಂದೆ ಮುಂದೆ ತಿರುಗಿಸಿದೆ. ಒಂದು ಚುಕ್ಕೆಯೂ ಇಲ್ಲ! ಇಲ್ಲಿನ ಕಚೇರಿಯವರು ಐದೇ ನಿಮಿಷದಲ್ಲಿ ಒಪ್ಪಿಕೊಂಡು, ಹೊಸ ಕಾರ್ಡು ಅಂಚೆಯಲ್ಲಿ ಬರುತ್ತದೆ ಎಂದರು.

"ಅತ್ತೀ, ಕೆಲಸ ಆತು! ಕುಂಕುಮ ಹಚ್ಚಲಾರದ ನಿನಗ ಊಟಾ ಹ್ಯಾಂಗ ಸೇರ್ತು?" ಎಂದು ಫೋನಿನಲ್ಲಿ ಚೇಷ್ಟೆ ಮಾಡಿದೆ.

"ಇನ್ನ ಯಾವುದಕ್ಕೂ ಹಚ್ಚೂದಿಲ್ಲ ತಂಗಿ. ನಿಮ್ಮ ಮಾವ ಹೋದ ಮ್ಯಾಲೆ ಮಂದಿ ಅಂದಿದ್ರಲ್ಲ, ನನ್ನ ಕೈ ಶುಭಕ್ಕ ಆಗೂದಿಲ್ಲಂತ. ಖರೇ ಅಂದಿದ್ರೇನೋ."

ನನ್ನ ನಗೆ ಅಲ್ಲೇ ನಿಂತಿತು. ಅತ್ತೆಯ ಗಂಡ ತೀರಿಕೊಂಡ ವರ್ಷ, ನಮ್ಮ ಮನೆಯದೇ ಒಂದು ಮದುವೆಯಲ್ಲಿ ಯಾರೋ ಆಕೆಯ ಕೈಯಿಂದ ಕುಂಕುಮದ ಬಟ್ಟಲನ್ನು ಮೆಲ್ಲಗೆ ತೆಗೆದುಕೊಂಡಿದ್ದರು. ಚಿಕ್ಕವಳಾದ ನಾನು ಪಕ್ಕದಲ್ಲೇ ನಿಂತಿದ್ದೆ. ಆಕೆ ಕಾಗದಗಳಿಗೆ ಹಚ್ಚಲು ಶುರು ಮಾಡಿದ್ದು ಅದರ ನಂತರ. ಬೇಡ ಎನ್ನಲು ಕಾಗದಕ್ಕೆ ಬಾಯಿಲ್ಲವಲ್ಲ! ಇಷ್ಟು ವರ್ಷ ಮನೆಮಂದಿಯೆಲ್ಲ ನಕ್ಕೆವು, ಯಾಕೆಂದು ಒಬ್ಬರೂ ಕೇಳಲಿಲ್ಲ. ಅಂದು ಮೆಟ್ಟಿಲ ಮೇಲೆ ನಿಂತು ನಾನು ಆಡಿದ್ದೂ ಆ ಮಂದಿಯ ಮಾತನ್ನೇ. ನನಗೆ ಬಹಳ ನಾಚಿಕೆಯಾಯಿತು.

"ಅತ್ತೀ, ನನ್ನದು ತಪ್ಪಾತು. ಪರೀಕ್ಷೆ ಮುಗಿಸಿ ಕಾರ್ಡ್ ತಗೊಂಡು ಊರಿಗೆ ಬರ್ತೇನಿ. ಅದಕ್ಕ ನೀನ ಹಚ್ಚಬೇಕು. ಬ್ಯಾರೆ ಯಾರೂ ಮುಟ್ಟೂ ಹಂಗಿಲ್ಲ" ಎಂದೆ.

ಆಚೆ ಮೂಗು ಒರೆಸಿಕೊಂಡ ಸಪ್ಪಳ ಕೇಳಿತು. ಅತ್ತೆ ಕೇಳಿದಳು:

"ಪ್ಲಾಸ್ಟಿಕ್ಕಿಂದೇನದು? ಹಂಗ ಹಚ್ಚಿದ್ರ ನಿಲ್ಲೂದಿಲ್ಲ. ಮೊದಲ ಚೂರು ತುಪ್ಪಾ ಸವರಬೇಕಾಗ್ತೈತಿ."