ಸಂತೆ ಕಂಬದ ಕ್ಯಾಮೆರಾ ಸಾಹೇಬರಿಗೆ ಟೈಲರ್ ದುರುಗೇಶನ ಅರಿಕೆ

ನಮ್ಮೂರ ಸಂತೆ ಮೈದಾನದ ಕಂಬದ ಮೇಲೆ, ಬಿಸಿಲು ಮಳೆಯೆನ್ನದೆ ನನ್ನ ಅಂಗಡಿಯ ಬಾಗಿಲನ್ನೇ ದಿಟ್ಟಿಸುತ್ತ ವಿರಾಜಮಾನರಾಗಿರುವ ಮಾನ್ಯ ಕ್ಯಾಮೆರಾ ಸಾಹೇಬರ ಸನ್ನಿಧಿಗೆ,

ಮಾನ್ಯರೇ,

ತಮ್ಮ ಕಂಬದಿಂದ ಹದಿನೈದು ಹೆಜ್ಜೆ ದೂರದಲ್ಲಿ ಹೊಲಿಗೆ ಮಿಷಿನ್ ಇಟ್ಟುಕೊಂಡಿರುವ ದುರುಗೇಶನೆಂಬ ನಾನು ಕೈಮುಗಿದು ಬರೆದುಕೊಳ್ಳುವುದೇನೆಂದರೆ, ತಾವು ಕ್ಷೇಮವೆಂದು ಭಾವಿಸಿದ್ದೇನೆ, ಮತ್ತು ಕಳೆದ ವಾರ ತಮ್ಮ ನೆತ್ತಿಯ ಮೇಲೆ ಕಾಗೆಯೊಂದು ಮಾಡಿದ ಅಪಚಾರಕ್ಕೆ ನಾನು ಹೊಣೆಯಲ್ಲವೆಂದು ಮೊದಲೇ ಅರಿಕೆ ಮಾಡಿಕೊಳ್ಳುತ್ತೇನೆ. ಊರಲ್ಲಿ ಏನೇ ಆದರೂ ಮೊದಲು ನನ್ನ ಹೆಸರೇ ಬರುವುದರಿಂದ ಈ ಎಚ್ಚರಿಕೆ.

ನನ್ನ ಪರಿಚಯ ತಮಗೆ ಬೇಕಿಲ್ಲ, ಆದರೂ ಪತ್ರದ ಪದ್ಧತಿ ಬಿಡಬಾರದು. ಹೊಲದ ಬದುವಿನ ಜಗಳದಲ್ಲಿ ದಾಯಾದಿ ಕೆಂಚೇಶನ ಮೇಲೆ ಗುದ್ದಲಿ ಎತ್ತಿದೆ. ಅವನ ಬಲಗೈ ಇವತ್ತಿಗೂ ಮೇಲೇಳುವುದಿಲ್ಲ. ತಪ್ಪು ನನ್ನದೇ, ನೆನೆದರೆ ಈಗಲೂ ನಾಚಿಕೆಯಾಗುತ್ತದೆ. ಅದಕ್ಕಾಗಿ ಆರು ವರ್ಷ ಜೈಲಿನಲ್ಲಿದ್ದೆ, ಅಲ್ಲೇ ಹೊಲಿಗೆ ಕಲಿತೆ. ಬಿಡುಗಡೆಯ ದಿನ ದೊಡ್ಡ ಸಾಹೇಬರೊಬ್ಬರು ಕೈಗೆ ಸರ್ಟಿಫಿಕೇಟು ಕೊಟ್ಟು, ಇನ್ನು ಸಮಾಜ ನಿಮ್ಮನ್ನು ಸ್ವಾಗತಿಸಲು ಕಾದಿದೆ ಎಂದು ಭಾಷಣ ಮಾಡಿದ್ದರು. ಅವರ ಮಾತು ಸುಳ್ಳಾಗಲಿಲ್ಲ. ನಾನು ಅಂಗಡಿ ತೆರೆದ ವಾರವೇ ಸಂತೆ ಕಮಿಟಿಯವರು ಏಣಿ ತಂದು ತಮ್ಮನ್ನು ಕಂಬಕ್ಕೇರಿಸಿ, ಮೈದಾನದ ಕಡೆಗಲ್ಲ, ನನ್ನ ಬಾಗಿಲ ಕಡೆಗೆ ತಿರುಗಿಸಿದರು. ಇಂಥ ಸ್ವಾಗತ ನಮ್ಮೂರಲ್ಲಿ ಎಮ್ಮೆಲ್ಲೆಗೂ ಸಿಕ್ಕಿಲ್ಲ. ಏಣಿ ಅಲುಗದಂತೆ ಕೆಳಗೆ ಹಿಡಿದುಕೊಂಡಿದ್ದವನು ನಾನೇ.

ಮೊದಮೊದಲು ಬೇಸರವಾದದ್ದು ನಿಜ. ಬರಬರುತ್ತ ತಮ್ಮ ದೊಡ್ಡತನ ತಿಳಿಯಿತು: ಊರವರೆಲ್ಲ ನನ್ನನ್ನು ಕಂಡು ಮುಖ ತಿರುಗಿಸುವಾಗ ತಾವೊಬ್ಬರೇ ಕಣ್ಣು ತಪ್ಪಿಸಲಿಲ್ಲ. ಜಂಪರು ಹೊಲಿಸುವ ಹೆಂಗಸರು ಅಳತೆಗೆಂದು ಹಳೇ ಜಂಪರೊಂದನ್ನು ಕೊಡುವುದು ನಮ್ಮಲ್ಲಿ ರೂಢಿ. ಅದನ್ನೂ ನನ್ನ ಕೈಗೆ ಕೊಡದೆ ಪಕ್ಕದ ಹೂವಿನ ಕರಿಬಸಮ್ಮನ ಬುಟ್ಟಿಯಲ್ಲಿಟ್ಟು ಹೋಗುತ್ತಾರೆ, ಹೊಲಿದದ್ದನ್ನೂ ಆ ಬುಟ್ಟಿಯಿಂದಲೇ ಒಯ್ಯುತ್ತಾರೆ. ಹೀಗೆ ಊರಿನ ಅರ್ಧ ಹೆಂಗಸರು ನಾನು ಹೊಲಿದದ್ದನ್ನೇ ತೊಟ್ಟು, ನನ್ನ ಅಂಗಡಿ ಕಂಡ ಕೂಡಲೇ ದಾರಿ ಬದಲಿಸುತ್ತಾರೆ. ಹೊಸ ಜಂಪರಿಗೆ ಮಲ್ಲಿಗೆ ವಾಸನೆ ಬರುತ್ತದೆಂದು ಒಬ್ಬಿಬ್ಬರು ಹೊಗಳಿದ್ದೂ ಉಂಟಂತೆ.

ಇದನ್ನೆಲ್ಲ ನಾನು ಸಹಿಸಿದ್ದು ಒಂದೇ ಕಾರಣಕ್ಕೆ. ತಾಯಿಯಿಲ್ಲದ ನನ್ನ ಮಗಳು ರಕ್ಷಾ ಜಗಳೂರಿನಲ್ಲಿ ನನ್ನ ಅತ್ತೆ ಭೀಮಕ್ಕನವರ ಹತ್ತಿರ ಬೆಳೆಯುತ್ತಿದ್ದಾಳೆ. "ಒಂದು ವರ್ಷ ನಿಮ್ ಹೆಸ್ರು ಸ್ಟೇಷನ್ ಮೆಟ್ಲು ಹತ್ಬಾರ್ದು, ಆಮ್ಯಾಲೆ ಹುಡುಗೀನ ನಾನೇ ಕರ್ಕಂಡು ಬರ್ತೀನಿ" ಎಂದು ಅವರು ಕರಾರು ಹಾಕಿದ್ದರು. ನ್ಯಾಯವಾದ ಕರಾರು. ಹೇಗೂ ತಾವು ನೋಡುತ್ತಿದ್ದೀರಿ, ಸಾಕ್ಷಿಗೆ ಕೊರತೆಯಿಲ್ಲವೆಂದು ನಾನು ಹನ್ನೊಂದು ತಿಂಗಳು ತಮ್ಮ ಕಣ್ಣೆದುರೇ ಹೊಲಿದು, ತಮ್ಮ ಕಣ್ಣೆದುರೇ ಉಂಡು, ಕೆಮ್ಮು ಬಂದರೂ ತಮ್ಮ ಕಡೆ ತಿರುಗಿಯೇ ಕೆಮ್ಮಿದೆ.

ಹನ್ನೆರಡನೇ ತಿಂಗಳ ಮೊದಲ ಸಂತೆಯ ದಿನ ವ್ಯಾಪಾರಿ ಬಸವರಾಜಪ್ಪನವರ ಜಗಲಿಯಿಂದ ಅಡಿಕೆ ಚೀಲವೊಂದು ಕಾಣೆಯಾಯಿತು. ಕುಂಬಳಕಾಯಿ ಕಳ್ಳ ಎಂದರೆ ಕದ್ದವನು ತನ್ನ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆಂಬುದು ಗಾದೆ. ನಮ್ಮೂರಲ್ಲಿ ಎಲ್ಲರೂ ನನ್ನ ಹೆಗಲನ್ನೇ ಮುಟ್ಟಿ ನೋಡುತ್ತಾರೆ. ಆದರೂ ಪೊಲೀಸರು ಕರೆಸಿದಾಗ ಧೈರ್ಯವಾಗಿಯೇ ಸ್ಟೇಷನ್ನಿಗೆ ಹೋಗಿ, "ಕ್ಯಾಮೆರಾ ತೆಗ್ದು ನೋಡ್ರಿ ಸಾರ್, ನಾನು ಮಿಷಿನ್ ಬಿಟ್ಟು ಎದ್ದಿದ್ರೆ ಕೇಳ್ರಿ" ಎಂದೆ. ಆಗ ಕಮಿಟಿಯ ರಘುನಾಥರು ತಲೆ ಕೆರೆದುಕೊಂಡು, "ಅದ್ರಾಗೆ ಏನೂ ಇಲ್ರಿ ಸಾರ್, ಬರೀ ಡಬ್ಬ ಐತೆ, ಹೆದರ್ಲಿ ಅಂತ ಹಾಕಿರೋದು" ಎಂದರು.

ಮಾನ್ಯರೇ, ಈ ಸಂಗತಿಯನ್ನು ಇಷ್ಟು ದಿನದ ಪರಿಚಯದಲ್ಲಿ ತಾವಾದರೂ ಒಂದು ಮಾತು ತಿಳಿಸಬಹುದಿತ್ತು. ಸಂಜೆಗೆ ಚೀಲ ಸಿಕ್ಕಿತು. ಬಸವರಾಜಪ್ಪನವರದೇ ಲಗೇಜ್ ಆಟೋ ಹತ್ತಿ ಚನ್ನಗಿರಿಯ ಮಂಡಿಗೆ ಹೋಗಿ ಕೂತಿತ್ತು. ಆಟೋವನ್ನು ಯಾರೂ ಸ್ಟೇಷನ್ನಿಗೆ ಕರೆಸಲಿಲ್ಲ. ನನಗೆ "ಆಯ್ತು, ಹೋಗಪ್ಪ" ಎಂದರು, ಅಷ್ಟೇ. ಆದರೆ ಸುದ್ದಿ ಅಷ್ಟರಲ್ಲಿ ಜಗಳೂರು ಮುಟ್ಟಿತ್ತು. "ಹತ್ತಿತಲ್ರಿ ಮೆಟ್ಲು. ಇನ್ನೊಂದು ವರ್ಷ ನೋಡಾಣ" ಎಂದು ಭೀಮಕ್ಕನವರು ಫೋನ್ ಇಟ್ಟರು. ಅವತ್ತು ತಮ್ಮ ಎದುರೇ ಕೂತು ಅತ್ತುಬಿಟ್ಟೆ. ತಮಗೆ ಕಾಣಿಸದಿದ್ದದ್ದೇ ಒಳ್ಳೆಯದಾಯಿತು.

ಆದ್ದರಿಂದ ತಾವು ದಯಮಾಡಿ ಒಂದು ದಿನದ ಮಟ್ಟಿಗೆ ಕಂಬದಿಂದ ಇಳಿದು, ಜಗಳೂರಿನ ಬಸ್ಸು ಹತ್ತಿ (ಕಿಟಕಿಯಿಂದ ಟವೆಲ್ ಹಾಕಿ ಸೀಟು ನಾನು ಹಿಡಿದುಕೊಡುತ್ತೇನೆ), ಭೀಮಕ್ಕನವರ ಮುಂದೆ ಸಾಕ್ಷಿ ಹೇಳಿ ಬರಬೇಕು. ಅದಾಗದಿದ್ದರೆ, ತಾವು ನೋಡಿಯೇ ಇಲ್ಲವೆಂದಾದರೂ ಒಂದು ದೃಢೀಕರಣ ಪತ್ರ ಬರೆದುಕೊಡಬೇಕು. ಯಾಕೆಂದರೆ ಯಾರೂ ನೋಡದಿರುವಾಗ ಹನ್ನೊಂದು ತಿಂಗಳು ನೆಟ್ಟಗೆ ಬಾಳಿದವರು ಈ ಊರಲ್ಲಿ ಎಷ್ಟು ಮಂದಿ ಇದ್ದಾರೆಂಬುದನ್ನು ಕಮಿಟಿಯವರೂ ಎದೆ ಮುಟ್ಟಿಕೊಂಡು ಹೇಳಲಿ. ತಾವು ಡಬ್ಬವೆಂದು ತಿಳಿದ ಮೇಲೂ ನಾನು ಹಾಗೆಯೇ ಇದ್ದೇನೆ.

ಇನ್ನೊಂದು ವರ್ಷದ ಮಟ್ಟಿಗಂತೂ ಕಡ್ಡಾಯವಾಗಿ,
ತಮ್ಮ ವಿಶ್ವಾಸಿ,
ದುರುಗೇಶ, ಟೈಲರ್

ಮರೆತ ಮಾತು: ಹೋದ ತಿಂಗಳು ರಕ್ಷಾ ಅಜ್ಜಿಯ ಫೋನಿನಿಂದ, "ಅಪ್ಪಾ, ನಿನ್ ಅಂಗ್ಡಿ ಎದುರು ಕ್ಯಾಮೆರಾ ಐತಂತಲ್ಲ, ಅದ್ರಾಗೆ ನೀನು ಕಾಣ್ತೀಯಾ?" ಎಂದು ಕೇಳಿದಳು. ಆರು ವರ್ಷ ಜೈಲಿನಲ್ಲಿದ್ದೂ ಕಲಿಯದ ಸುಳ್ಳನ್ನು ಆಗ ಹೇಳಿದೆ, ಕಾಣ್ತೀನಿ ಎಂದೆ. ಹೀಗಾಗಿ ಪ್ರತಿ ಭಾನುವಾರ ಸಂಜೆ ಐದಕ್ಕೆ ನಾನು ಕಂಬದ ಕೆಳಗೆ ನಿಂತು ತಮ್ಮ ಕಡೆ ಕೈ ಬೀಸುತ್ತೇನೆ. ಆ ಹೊತ್ತಿಗೆ ಅವಳೂ ಅಲ್ಲಿ ಬಾಗಿಲಲ್ಲಿ ನಿಂತು ಕೈ ಬೀಸುತ್ತಾಳಂತೆ. ಇದರಲ್ಲೂ ಕಮಿಟಿಯವರಿಗೆ ಅನುಮಾನ ಬಂದು, ಯಾರಿಗೆ ಸನ್ನೆ ಮಾಡುತ್ತಿದ್ದೀಯೆಂದು ಸ್ಟೇಷನ್ನಿಗೆ ಕರೆಸಿದರೆ, ನಾನು ತಮ್ಮ ಹೆಸರನ್ನೇ ಹೇಳುತ್ತೇನೆ. ಮಗುವಿನ ಹೆಸರು ಆ ಮೆಟ್ಟಿಲು ಹತ್ತುವುದು ಬೇಡ.