ಇಪ್ಪತ್ತೊಂದು ಕಿಲೋಮೀಟರ್ ಊಟ

ಕೆರೆದಂಡೆಯ ಟ್ರಯಾಥ್ಲಾನ್ ಪಂದ್ಯದ ಚೀಲ ವಿಭಾಗದ ಮುಖ್ಯಸ್ಥರ ಸನ್ನಿಧಿಗೆ, ಲಾಂಡ್ರಿಯ ಕಿರಿಮಗಳು ಬರೆದುಕೊಳ್ಳುವ ಬಹಿರಂಗ ಪತ್ರ.

ಮಾನ್ಯರೇ,

ಮೊದಲಿಗೆ ನನ್ನ ಕೈಬರಹಕ್ಕೂ ಕಾಗುಣಿತಕ್ಕೂ ಕ್ಷಮೆ ಇರಲಿ. ನಾನು ಓದಿದ್ದು ನಾಲ್ಕನೇ ತರಗತಿಯವರೆಗೆ. ಆಮೇಲೆ ಬರೆದದ್ದೆಲ್ಲ ನಮ್ಮ ಲಾಂಡ್ರಿಯ ಬಟ್ಟೆಗಂಟುಗಳಿಗೆ ಸಿಕ್ಕಿಸುವ ಚೀಟಿಗಳ ಮೇಲೆ, ಅದೂ ‘ಕಾಲರ್ ಕೊಳೆ’, ‘ಗುಂಡಿ ಇಲ್ಲ’ ಎಂಬಷ್ಟೇ. ನಾಲ್ಕು ಜನರೆದುರು ಮಾತಾಡಲು ನಾಚಿಕೆಯಾಗುವುದರಿಂದ ಊರೆಲ್ಲ ಓದುವಂಥ ಬಹಿರಂಗ ಪತ್ರವನ್ನೇ ಬರೆಯುತ್ತಿದ್ದೇನೆ. ಓದುವಾಗ ಯಾರೂ ನನ್ನ ಮುಖ ನೋಡುವುದಿಲ್ಲವಲ್ಲ ಎಂಬ ಧೈರ್ಯ. ತಾವು, ತಮ್ಮ ಕಿತ್ತಳೆ ಜಾಕೆಟ್ಟು ಮತ್ತು ಕೊರಳಿನ ಸೀಟಿ, ಮೂವರೂ ಕ್ಷೇಮವೆಂದು ನಂಬಿದ್ದೇನೆ.

ತಮಗೆ ಒಂದೇ ದಿನದಲ್ಲಿ ನೂರಾರು ಚೀಲಗಳ ಪರಿಚಯವಾಗುವುದರಿಂದ ನೆನಪು ಮಾಡಿಕೊಡುತ್ತೇನೆ. ಇನ್ನೂರ ಹದಿನಾರನೇ ನಂಬರಿನವಳು ನನ್ನ ಅಕ್ಕ. ಹನ್ನೆರಡು ವರ್ಷದಿಂದ ಇಸ್ತ್ರಿ ಪೆಟ್ಟಿಗೆಯ ಹಿಂದೆ ನಿಂತವಳು, ಬೀದಿಯವರ ಬಾಯಲ್ಲಿ ಇಸ್ತ್ರಿ ಅಕ್ಕ. ಹಬೆಯಲ್ಲೇ ಬದುಕಿದ ಈ ಹೆಂಗಸು ಹೋಗಿ ಹೋಗಿ ಮಂಜುಗಡ್ಡೆಯ ತಂಗಿಯಂಥ ಕೆರೆಯಲ್ಲಿ ಎರಡು ಕಿಲೋಮೀಟರ್ ಈಜಿ, ಎದುರುಗಾಳಿಯಲ್ಲಿ ತೊಂಬತ್ತು ಕಿಲೋಮೀಟರ್ ಸೈಕಲ್ ತುಳಿದು, ಅದೂ ಸಾಲದೆಂದು ಇಪ್ಪತ್ತೊಂದು ಕಿಲೋಮೀಟರ್ ಓಡುವ ಪಂದ್ಯಕ್ಕೆ ಯಾಕೆ ಹೆಸರು ಕೊಟ್ಟಳೆಂದು ನಮ್ಮನ್ನು ಕೇಳಬೇಡಿ. ನಾವೂ ಕೇಳಿ ಸೋತಿದ್ದೇವೆ. ಹೋದ ವರ್ಷ ಓಟ ಶುರುಮಾಡುವ ಗಡುವಿಗೆ ಆರು ನಿಮಿಷ ತಡವಾಗಿ ಬಂದಳೆಂದು ಅವಳನ್ನು ಚಳಿಗೆ ಹೊದಿಸುವ ಬೆಳ್ಳಿ ಕಾಗದದಲ್ಲಿ ಸುತ್ತಿ ನಮ್ಮ ಕೈಗೆ ಕೊಟ್ಟು ಕಳಿಸಿದ್ದಿರಿ. ಅಂದಿನಿಂದ ಅಂಗಡಿಗೆ ಬಂದವರೆಲ್ಲ ‘ಏನಮ್ಮಾ, ಇಸ್ತ್ರಿ ಆರಿಹೋಯ್ತಂತೆ?’ ಎಂದು ಕೇಳಿ, ಪ್ಯಾಂಟು ಕೊಟ್ಟು ಹೋಗುತ್ತಿದ್ದರು. ಅಕ್ಕ ನಗುತ್ತಿದ್ದಳು. ಆದರೆ ಆ ಪ್ಯಾಂಟಿಗೆ ಒಂದರ ಬದಲು ಎರಡು ಗೆರೆ ಬೀಳುತ್ತಿತ್ತು. ವರ್ಷವಿಡೀ ಅಂಗಡಿ ತೆರೆಯುವ ಮುಂಚೆ ಹಿತ್ತಲಿನ ತಣ್ಣೀರಿನ ಡ್ರಮ್ಮಿನಲ್ಲಿ ಕತ್ತಿನವರೆಗೆ ಕೂತು ಅಭ್ಯಾಸ ಮಾಡಿದ್ದಾಳೆ. ಈ ಸಲವೂ ಮುಗಿಸದಿದ್ದರೆ ಊರಿನ ಪ್ಯಾಂಟುಗಳ ಗತಿಯೇನು, ತಾವೇ ಯೋಚಿಸಿ.

ಪಂದ್ಯದ ಬೆಳಿಗ್ಗೆ ಅಮ್ಮ ಕೆರೆಗೆ ಬೆರಳದ್ದಿ, ‘ಅಯ್ಯೋ ದೇವರೇ, ಇದರಲ್ಲಿ ನೆನೆಹಾಕಿದ್ರೆ ಬಟ್ಟೆಗೂ ನೆಗಡಿ ಆಗುತ್ತೆ’ ಎಂದಳು. ಅದೇ ಹೊತ್ತಿಗೆ ತಾವು ಮೈಕಿನಲ್ಲಿ, ಪ್ರತಿಯೊಬ್ಬರೂ ಈಜಿನ, ಸೈಕಲ್ಲಿನ, ಓಟದ ಸಾಮಾನುಗಳನ್ನು ಮೂರು ಚೀಲಗಳಲ್ಲೂ, ಎಲ್ಲ ಮುಗಿದ ಮೇಲೆ ತಿನ್ನುವ ಊಟವನ್ನು ನಾಲ್ಕನೇ ಚೀಲದಲ್ಲೂ ಕೊಡಬೇಕೆಂದು, ‘ಮೇಲೆ ಏನು ಬರೆದಿದೆಯೋ ಅದೇ ಅಂತಿಮ, ಒಳಗೆ ನೋಡೋ ಪದ್ಧತಿ ನಮ್ಮಲ್ಲಿಲ್ಲ’ ಎಂದು ಸಾರುತ್ತಿದ್ದಿರಿ. ಚಳಿ ತಡೆಯಲೆಂದು ಮೈಗೆ ಹಚ್ಚುತ್ತ ಕೈತುಂಬ ಎಣ್ಣೆ ಮೆತ್ತಿಕೊಂಡಿದ್ದ ಅಕ್ಕ ‘ನೀನೇ ಬರಿ ಕಣೇ, ದಿನಾ ಚೀಟಿ ಬರೀತೀಯಲ್ಲ’ ಎಂದಳು. ಎರಡು ಜೊತೆ ಕೈಗವಸು ಒಂದರ ಮೇಲೊಂದು ಹಾಕಿಕೊಂಡು, ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆಂಬ ಸಂಕೋಚದಲ್ಲಿ ಬರೆದೆ. ನನಗೆ ‘ಓ’ ಮತ್ತು ‘ಊ’ ಚಿಕ್ಕಂದಿನಿಂದಲೂ ಅವಳಿಮಕ್ಕಳು. ಯಾರು ಯಾರೆಂದು ಹೆತ್ತವಳೇ ಹೇಳಬೇಕು. ಹೀಗಾಗಿ ಓಡುವ ಬೂಟಿನ ಚೀಲದ ಮೇಲೆ ‘ಊಟ’ ಎಂದೂ, ಬೇಯಿಸಿದ ಆಲೂಗಡ್ಡೆಯ ಚೀಲದ ಮೇಲೆ ‘ಓಟ’ ಎಂದೂ ಬಿತ್ತು. ತಪ್ಪು ನನ್ನದೇ. ಆದರೆ ಆ ತಪ್ಪನ್ನು ತಾವು ಕಾಪಾಡಿದ ನಿಷ್ಠೆಯಿದೆಯಲ್ಲ, ಅದು ನನ್ನ ಅಳತೆಗೆ ಮೀರಿದ್ದು.

ಈಜಿನ ವಿಚಾರ ಹೆಚ್ಚು ಹೇಳುವುದಿಲ್ಲ. ಎಲ್ಲರಿಗೂ ಒಂದೇ ಹಳದಿ ಟೋಪಿ, ಒಂದೇ ಕಪ್ಪು ರಬ್ಬರಿನ ಉಡುಪು ಇದ್ದುದರಿಂದ ಅಮ್ಮ ಯಾರದೋ ಮನೆಯ ಅಳಿಯನನ್ನು ನೀರಿನಿಂದ ಎಳೆದು, ಬೆನ್ನು ತಿಕ್ಕಿ, ಬಾಯಿಗೆ ಬಿಸಿ ಚಹಾ ಹೊಯ್ದು, ಆಮೇಲೆ ಮುಖ ನೋಡಿ ‘ಥೂ, ಮೀಸೆ ಇದೆ, ನಮ್ಮವಳಲ್ಲ’ ಎಂದು ಕೈಬಿಟ್ಟಳು. ಆತ ಕೈಮುಗಿದು ಓಡಿದ. ಹಿಂದೆಯೇ ನಮ್ಮವಳು, ನೀಲಿ ಹೆಚ್ಚಾದ ಬಿಳಿ ಅಂಗಿಯ ಬಣ್ಣದಲ್ಲಿ, ಹಲ್ಲು ಕಡಿಯುತ್ತ ಬಂದು ಸೈಕಲ್ ಹತ್ತಿದಳು.

ಅಕ್ಕ ಸೈಕಲ್ಲಿನಿಂದ ಇಳಿದಾಗ ಒಂದು ಗಂಟೆ ಎಂಟು ನಿಮಿಷ. ಓಟದ ಗಡುವು ಒಂದೂವರೆ. ‘ಓಟ’ದ ಚೀಲ ಬಿಚ್ಚಿದರೆ ದಪ್ಪ ಕಂಬಳಿಯಲ್ಲಿ ಸುತ್ತಿದ್ದರಿಂದ ಇನ್ನೂ ಬೆಚ್ಚಗಿದ್ದ ಆರು ಆಲೂಗಡ್ಡೆ, ನಾಲ್ಕು ಮೊಟ್ಟೆ, ಒಂದು ಬ್ರೆಡ್ಡು. ಸೈಕಲ್ ಬೂಟಿನ ಅಡಿಯಲ್ಲಿ ಕಬ್ಬಿಣದ ಹಲ್ಲಿರುವುದರಿಂದ ಅದರಲ್ಲಿ ಓಡುವಂತಿಲ್ಲ. ಬೇಲಿಯಾಚೆಯಿಂದ ಅಕ್ಕ ‘ಲೇ, ನನ್ನ ಬೂಟೆಲ್ಲೇ?’ ಎಂದಾಗಲೇ ನನ್ನ ಬರಹ ನೆನಪಾಯಿತು. ಊಟದ ಡೇರೆಗೆ ಓಡಿದೆ. ಅಲ್ಲಿಯ ಅಡುಗೆಯವರು ಚೀಲವನ್ನು ಒಲೆಯ ಮಗ್ಗುಲಲ್ಲೇ ಇಟ್ಟಿದ್ದರು. ‘ತಣ್ಣಗಾದ್ರೆ ರುಚಿ ಕೆಡುತ್ತಮ್ಮಾ’ ಎಂದು ಎತ್ತಿ ಕೊಟ್ಟರು.

ಅದನ್ನು ಎದೆಗವಚಿಕೊಂಡು ತಮ್ಮ ಗೇಟಿಗೆ ಬಂದರೆ ತಾವು ಚೀಲ ಓದಿ, ಊಟಕ್ಕೆ ಓಟದ ಡೇರೆಯೊಳಗೆ ಪ್ರವೇಶವಿಲ್ಲ ಎಂದಿರಿ. ಒಳಗಿರುವುದು ಬೂಟು ಎಂದೆ. ‘ನೀವು ಊಟಕ್ಕೆ ಏನು ತಿಂತೀರೋ ಅದು ನಿಮ್ಮಿಷ್ಟ’ ಎಂದಿರಿ. ಇಷ್ಟು ವಿಶಾಲ ಮನಸ್ಸನ್ನು ನಾನು ಬೇರೆ ಯಾವ ಅಧಿಕಾರಿಯಲ್ಲೂ ಕಂಡಿಲ್ಲ. ಬದಲಾವಣೆಗೆ ಲಿಖಿತ ಅರ್ಜಿ ಬೇಕೆಂದಿರಿ, ಬರೆದುಕೊಟ್ಟೆ. ‘ವಿನಂತಿ’ ತಪ್ಪಾಗಿದೆಯೆಂದು ಹಿಂದಿರುಗಿಸಿದಿರಿ, ತಿದ್ದಿ ತಂದೆ. ತಾರೀಕಿಲ್ಲವೆಂದು ಮತ್ತೆ ಹಿಂದಿರುಗಿಸಿದಿರಿ. ಒಳಗೆ ಅಕ್ಕ ಮರಗಟ್ಟಿದ ಕಾಲ್ಬೆರಳುಗಳ ಸಂದಿಗೆ ಬೆಚ್ಚಗಿನ ಆಲೂಗಡ್ಡೆ ಒತ್ತಿಕೊಂಡು ಕೂತಿದ್ದಳು. ಒಂದನ್ನು ತಿನ್ನುತ್ತಲೂ ಇದ್ದಳು. ಗಡಿಯಾರ ಒಂದು ಇಪ್ಪತ್ತಾರು ತೋರಿಸುತ್ತಿತ್ತು. ಅಮ್ಮ ನನ್ನ ಕಿವಿಯಲ್ಲಿ ‘ಜಗಳ ಆಡೇ, ಒಂದ್ಸಲ ಆದ್ರೂ ಜಗಳ ಆಡೇ’ ಎನ್ನುತ್ತಿದ್ದಳು. ನನಗೆ ಜಗಳ ಬರುವುದಿಲ್ಲ. ತಮ್ಮ ಮೇಜಿಗೆ ದಾರದಲ್ಲಿ ಕಟ್ಟಿದ್ದ ತಮ್ಮದೇ ಪೆನ್ನು ತೆಗೆದು, ತಮ್ಮ ಕಣ್ಣೆದುರೇ, ಚೀಲದ ಮೇಲಿನ ‘ಊ’ವನ್ನು ಹೊಡೆದು ‘ಓ’ ಬರೆದೆ.

ತಾವು ಓದಿದಿರಿ. ತಮ್ಮ ಮುಖ ಅರಳಿತು. ‘ಓಟದ ಚೀಲ ಇಲ್ಲೇನ್ರೀ ಮಾಡ್ತಿದೆ? ದಾರಿ ಬಿಡಿ!’ ಎಂದು ಸೀಟಿ ಊದಿ, ಚೀಲವನ್ನು ಕೂಸಿನಂತೆ ಅಪ್ಪಿಕೊಂಡು, ಕೆಸರಲ್ಲಿ ಎರಡು ಸಲ ಜಾರಿ, ಅಕ್ಕನ ಕಾಲಬುಡಕ್ಕೆ ತಲುಪಿಸಿದಿರಿ. ಆ ದಿನ ಗೆದ್ದವನೂ ಅಷ್ಟು ಜೋರಾಗಿ ಓಡಿದ್ದನ್ನು ನಾನು ಕಾಣೆ. ಒಂದು ನಿಮಿಷ ಬಾಕಿ ಇರುವಾಗ ಅಕ್ಕ ಓಟ ಶುರುವಾಗುವ ಗೆರೆ ದಾಟಿದಳು. ಒಲೆಯ ಮಗ್ಗುಲಲ್ಲಿದ್ದ ಬೂಟು ಹೊಗೆಯಾಡುವಷ್ಟು ಬಿಸಿಯಿತ್ತಂತೆ. ‘ಇಸ್ತ್ರಿ ಹಾಕಿದ ಬೂಟು ಕಣೇ’ ಎಂದು ಈಗಲೂ ಹೇಳುತ್ತಾಳೆ. ಕೊನೆಯ ಗಡುವಿಗೆ ಹನ್ನೊಂದು ನಿಮಿಷ ಉಳಿಸಿ ಓಟ ಮುಗಿಸಿದಳು. ಅಮ್ಮ ಈ ಸಲ ಮೊದಲು ಮುಖ ನೋಡಿ, ಮೀಸೆ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಆಮೇಲೆ ತಬ್ಬಿಕೊಂಡು ಅತ್ತಳು. ನಾನು ಬ್ರೆಡ್ಡಿನ ಪೊಟ್ಟಣದ ಹಿಂದೆ ಮುಖ ಮರೆಸಿಕೊಂಡೆ.

ಈಗ ದೂರಿಗೆ ಬರುತ್ತೇನೆ. ಮೊನ್ನೆ ಅಂಚೆಯಲ್ಲಿ ತಮ್ಮ ಸಹಿಯ ಪ್ರಮಾಣಪತ್ರ ಬಂತು. ನನ್ನ ಚೀಲದ ಮೊದಲ ಬರಹವನ್ನು ತಮ್ಮ ದಾಖಲೆಯಲ್ಲಿ ಹಾಗೆಯೇ ಉಳಿಸಿಕೊಂಡಿರುವ ತಾವು ಅದರಲ್ಲಿ, ‘ಇವರು ಈಜು, ಸೈಕಲ್ ಸವಾರಿ ಹಾಗೂ ಇಪ್ಪತ್ತೊಂದು ಕಿಲೋಮೀಟರ್ ಊಟವನ್ನು ಯಶಸ್ವಿಯಾಗಿ ಪೂರೈಸಿದ್ದಾರೆ’ ಎಂದು ಅಚ್ಚು ಹಾಕಿಸಿದ್ದೀರಿ. ಇದನ್ನು ತಿದ್ದಿಸಲೆಂದೇ ಈ ಪತ್ರ ಶುರುಮಾಡಿದ್ದು. ಅಕ್ಕ ಬೇಡವೆಂದಳು. ‘ಓಟ ಬೇಕಾದಷ್ಟು ಜನ ಮುಗಿಸ್ತಾರೆ ಬಿಡೇ’ ಎಂದು ಅದನ್ನು ಇಸ್ತ್ರಿ ಮೇಜಿನ ಮೇಲೆಯೇ ತೂಗುಹಾಕಿದ್ದಾಳೆ. ಈಗ ಅಂಗಡಿಗೆ ಬಂದವರೆಲ್ಲ ‘ಇಸ್ತ್ರಿ ಅಕ್ಕಾ, ಊಟ ಆಯ್ತಾ?’ ಎಂದು ಕೇಳುತ್ತಾರೆ. ‘ಆಯ್ತು, ಹನ್ನೊಂದು ನಿಮಿಷ ಮಿಕ್ಕಿತು’ ಎನ್ನುತ್ತಾಳೆ. ಪ್ಯಾಂಟಿಗೆ ಒಂದೇ ಗೆರೆ ಬೀಳುತ್ತಿದೆ.

ಆದ್ದರಿಂದ ದೂರನ್ನು ಹಿಂತೆಗೆದುಕೊಂಡು, ಸಣ್ಣಪುಟ್ಟ ಕೋರಿಕೆಗಳನ್ನಷ್ಟೇ ಮುಂದಿಡುತ್ತೇನೆ. ಮುಂದಿನ ವರ್ಷದೊಳಗೆ ಕೆರೆಯ ಮೇಲೆ ‘ಬಿಸಿನೀರು’ ಎಂದು ಬರೆಸಬೇಕು. ತಾವು ಬರೆಸಿದ ಮೇಲೆ ಅದು ಬಿಸಿಯಾಗದೆ ಇರಲಾರದು. ಹೋಗುವಾಗಲೂ ಬರುವಾಗಲೂ ಗಾಳಿ ಬೆನ್ನ ಹಿಂದಿನಿಂದಲೇ ಬೀಸುವಂತೆ ಅದಕ್ಕೊಂದು ಚೀಟಿ ಸಿಕ್ಕಿಸಬೇಕು. ಹಾಗೆಯೇ ತಮ್ಮ ಪ್ರಭಾವ ಬಳಸಿ ವರ್ಣಮಾಲೆಯಿಂದ ‘ಓ’ ಅಥವಾ ‘ಊ’, ಯಾವುದಾದರೂ ಒಂದನ್ನು ತೆಗೆಸಿಕೊಡಬೇಕು. ಯಾವುದೆಂಬುದನ್ನು ತಮಗೇ ಬಿಟ್ಟಿದ್ದೇನೆ.

ಬರೆದದ್ದನ್ನೇ ನಂಬುವ ತಮ್ಮನ್ನು ನಂಬಿರುವ,
ತಮ್ಮ ವಿಶ್ವಾಸಿ,
ಲಾಂಡ್ರಿಯ ಕಿರಿಮಗಳು

ಮರೆತ ಮಾತು: ಕೆಸರಲ್ಲಿ ಜಾರಿ ಬಿದ್ದವರನ್ನು ಒಂದು ಸಲ ಮನೆಗೆ ಕರೆಯಬೇಕೆಂದು ಅಮ್ಮನಿಗೆ ಆಸೆ. ಮುಂದಿನ ಭಾನುವಾರ ತಾವು ಸಕುಟುಂಬವಾಗಿ ಬರಬೇಕೆಂದು ಕಾರ್ಡು ಬರೆದು ಇವತ್ತು ಬೆಳಿಗ್ಗೆಯೇ ಅಂಚೆ ಡಬ್ಬಿಗೆ ಹಾಕಿದ್ದೇನೆ. ಯಾತಕ್ಕೆ ಕರೆದಿದ್ದೇನೆ ಎನ್ನುವಲ್ಲಿ ಅವಳಿಮಕ್ಕಳಲ್ಲಿ ಯಾರನ್ನು ಬರೆದೆನೋ, ಡಬ್ಬಿಗೆ ಹಾಕಿದ ಮೇಲೆ ಅನುಮಾನ ಬಂತು. ತಾವು ಹೇಗಿದ್ದರೂ ಬರೆದಂತೆ ನಡೆಯುವವರು. ಬೂಟು ಹಾಕಿಕೊಂಡೇ ಬನ್ನಿ.