ಚೀಲದಲ್ಲಿ ಕುರಿ, ಹಿಂದೆ ಮಂದೆ

ಮೂವತ್ತು ವರ್ಷ ಪತ್ರಿಕೆಗೆ ಬರೆದಿದ್ದೇನೆ. ಒಂದು ಸಲವೂ ಬರಹ ತಡವಾಗಿ ಕೊಟ್ಟವನಲ್ಲ. ಥೇಮ್ಸ್ ನದಿ ಉಕ್ಕಿ ಕಚೇರಿಯ ಮೇಜಿನ ಕಾಲು ಮುಳುಗಿದ್ದ ವಾರವೂ, ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ಬರೆದು ಕೊಟ್ಟಿದ್ದೇನೆ. ಅಂಥ ನನಗೆ, ಅಂಗಡಿಯಿಂದ ಕುರಿಮರಿಯ ಒಂದು ತೊಡೆ ತಂದು ಹತ್ತೂವರೆಯೊಳಗೆ ಓವನ್ನಿಗೆ ಸೇರಿಸುವುದು ಯಾವ ಮಹಾ ಕೆಲಸ? ಆ ಶನಿವಾರ ಬೆಳಿಗ್ಗೆ ಹೆಂಡತಿ ಹೆಸ್ಟರ್‌ಳ ಮುಂದೆ ಎದೆಯುಬ್ಬಿಸಿ ಘೋಷಿಸಿಯೇಬಿಟ್ಟೆ: “ಹತ್ತೂವರೆಗೆ ತೊಡೆ ಓವನ್ನಿನಲ್ಲಿರುತ್ತೆ. ಇಲ್ದಿದ್ರೆ ನನ್ನ ತೊಡೆಯನ್ನೇ ಇಟ್ಕೋ!”

“ನಿನ್ನದು ಬೇಯೋಕೆ ಸೋಮವಾರ ಆಗುತ್ತೆ,” ಎಂದಳು ಹೆಸ್ಟರ್. “ತಮಾಷೆ ಸಾಕು, ನಾರ್ಮನ್. ಒಂದು ಗಂಟೆಗೆ ಬ್ಲೆಂಕಿನ್ ಅವರು ಬರ್ತಾರೆ. ದಾರೀಲಿ ಯಾರ ಹತ್ರಾನೂ ಮಾತಿಗೆ ನಿಲ್ಬೇಡ.”

ಬ್ಲೆಂಕಿನ್ ದಂಪತಿ ನಮ್ಮ ಬೀಗರಾಗಲಿರುವವರು. ನಮ್ಮ ಮಗಳು ರೊವೀನಾ ಅವರ ಮಗ ಟೋಬಿಯನ್ನು ಮೆಚ್ಚಿದ್ದಳು. ನಾವು ಅವರ ಮುಖ ಕಂಡಿರಲಿಲ್ಲ, ಅವರು ನಮ್ಮ ಮುಖ ಕಂಡಿರಲಿಲ್ಲ. ಟೋಬಿ ಮೊದಲೇ ಮೆಲ್ಲಗೆ ಎಚ್ಚರಿಸಿದ್ದ: ಅವನ ತಾಯಿ ಒಂದು ಮನೆತನವನ್ನು ತೂಗಿ ನೋಡುವುದು ಊಟದ ಮೇಜಿನಲ್ಲಿ. ಅವನ ಅಕ್ಕನ ನಿಶ್ಚಿತಾರ್ಥ ಬೇಯದ ಒಂದು ಆಲೂಗಡ್ಡೆಯಿಂದ ಮುರಿದು ಬಿದ್ದಿತ್ತಂತೆ! ಹೀಗಾಗಿ ರೊವೀನಾಳ ಮದುವೆ ಈಗ ಆ ಕುರಿಮರಿಯ ಒಂದೇ ಕಾಲಿನ ಮೇಲೆ ನಿಂತಿತ್ತು.

ಅಂಗಡಿಯಲ್ಲಿ ತೊಡೆಯನ್ನು ಕಾಗದದಲ್ಲಿ ಸುತ್ತಿಸಿ ಬೆನ್ನುಚೀಲಕ್ಕೆ ಹಾಕಿಕೊಂಡೆ. ಮೂಳೆಯ ತುದಿ ಹೊರಗೆ ಇಣುಕುತ್ತಿತ್ತು. ತಲೆಗೆ ಕೆಂಪು ಟೋಪಿ, ಕೈಯಲ್ಲಿ ಕೋಲು, ಕಾಲಲ್ಲಿ ಕೆಸರಿನ ಬೂಟು. ನಮ್ಮೂರಿನ ಗಂಡಸರು ಹಾಲು ತರಲು ಹೋಗುವಾಗಲೂ ಹಾಕುವ ವೇಷ. ಸಂತೆ ಚೌಕದ ಹಳೆಯ ಕಲ್ಲುಶಿಲುಬೆಯ ಕಟ್ಟೆಯ ಮೇಲೆ ಕಾಲಿಟ್ಟು ಬೂಟಿನ ದಾರ ಬಿಗಿಯುತ್ತಿದ್ದೆ. ದಪ್ಪ ನಾಯಿಯೊಂದನ್ನು ಹಿಡಿದ ಬಿಳಿಗೂದಲಿನ ಅಜ್ಜಿಯೊಬ್ಬರು ಹತ್ತಿರ ಬಂದರು.

“ಕ್ಷಮಿಸಿ, ನೀವೇ ಅಲ್ವಾ?”

ನನ್ನ ಅಂಕಣದ ನೆತ್ತಿಯ ಮೇಲೆ ಪ್ರತಿ ವಾರ ನನ್ನ ಫೋಟೋ ಅಚ್ಚಾಗುತ್ತದೆ. ಮೂವತ್ತು ವರ್ಷದಲ್ಲಿ ಮೊದಲ ಬಾರಿಗೆ ಒಬ್ಬರು ಗುರುತು ಹಿಡಿದಿದ್ದರು! “ಹೌದು, ನಾನೇ,” ಎಂದು ಟೋಪಿ ಸರಿಮಾಡಿಕೊಂಡೆ.

“ಸದ್ಯ! ಹಾಗಾದ್ರೆ ಹೊರಡೋಣ್ವಾ?”

“ಧಾರಾಳವಾಗಿ,” ಎಂದೆ. ಅಜ್ಜಿಯೂ ಸೇತುವೆಯ ಕಡೆಗೇ ಹೊರಟವರಿರಬೇಕು, ಅಭಿಮಾನಿಗಳಿಗೆ ಅಷ್ಟೂ ಮಾಡದಿದ್ದರೆ ಹೇಗೆ?

ಸೇತುವೆಯ ನಡುವೆ ತಿರುಗಿ ನೋಡಿದರೆ, ನನ್ನ ಹಿಂದೆ ಇಪ್ಪತ್ತು ಜನ! ಎಲ್ಲರ ಬೆನ್ನಿಗೂ ಚೀಲ, ಕೈಯಲ್ಲಿ ಕೋಲು. ಊರೂರುಗಳಿಂದ ಬಂದು ಸೇರಿ, ಗೊತ್ತಿಲ್ಲದ ಮುಂದಾಳಿನ ಹಿಂದೆ ಹೊಲಗದ್ದೆ ಸುತ್ತುವ ಶನಿವಾರದ ನಡಿಗೆಯ ಮಂದಿ. ನನ್ನ ಚೀಲದಲ್ಲಿದ್ದದ್ದು ಕುರಿಯ ಒಂದೇ ಕಾಲು. ಹಿಂದೆ ಬರುತ್ತಿದ್ದದ್ದು ಇಡೀ ಮಂದೆ.

ನನ್ನ ಮನೆ ಸೇತುವೆಯ ಎಡಕ್ಕೆ. ಕಾಲುದಾರಿಯ ಫಲಕ ಬಲಕ್ಕೆ ಕೈ ತೋರಿಸುತ್ತಿತ್ತು. ಇಪ್ಪತ್ತು ಮುಖಗಳೂ ನಂಬಿಕೆಯಿಂದ ಬಲಕ್ಕೇ ನೋಡುತ್ತಿದ್ದವು. ನಾನು ಬಲಕ್ಕೆ ತಿರುಗಿದೆ.

ನಗಬೇಡಿ. ‘ನಿಮ್ಮ ಮುಂದಾಳು ನಾನಲ್ಲ’ ಎಂದು ಮೊದಲ ಐದು ನಿಮಿಷದಲ್ಲಿ ಹೇಳಿದರೆ ಅದು ತಪ್ಪು ತಿಳಿವಳಿಕೆ. ಅರ್ಧ ಗಂಟೆ ಕಳೆದ ಮೇಲೆ ಹೇಳಿದರೆ ಅದು ಮೋಸ. ಆ ಐದು ನಿಮಿಷವನ್ನು ನಾನು ಹವಾಮಾನದ ಬಗ್ಗೆ ಮಾತಾಡುತ್ತ ಕಳೆದುಬಿಟ್ಟಿದ್ದೆ. ಹೆಸ್ಟರ್‌ಗೆ ಸುದ್ದಿ ಮುಟ್ಟಿಸೋಣವೆಂದರೆ ಫೋನು ಅಡುಗೆಮನೆಯ ಕಿಟಕಿಯಲ್ಲಿ ಚಾರ್ಜಿಗೆ ಕೂತಿತ್ತು.

“ಈ ಸೇತುವೆ ಯಾವ ಕಾಲದ್ದು?” ಯಾರೋ ಕೇಳಿದರು.

“ಹಳೇ ಕಾಲದ್ದು.”

“ಎಷ್ಟು ಹಳೇದು?”

“ಸಾಕಷ್ಟು!” ಎಂದೆ ಗಂಭೀರವಾಗಿ. ಎಲ್ಲರೂ ತಲೆದೂಗಿದರು. ಧೈರ್ಯ ಬಂತು. ಪಾಳು ಮಠದ ಗೋಡೆಯ ಬಳಿ, ಯಾವುದೋ ರಾಜ ಇಲ್ಲಿ ಹಾವುಮೀನು ತಿಂದು ಹೊಟ್ಟೆ ಕೆಟ್ಟು ಮೂರು ದಿನ ಮಲಗಿದ್ದ ಎಂದೆ. ಯಾವ ರಾಜ ಎಂದು ಒಬ್ಬರೂ ಕೇಳಲಿಲ್ಲ. ಆ ಹೊಟ್ಟೆಯ ಮೇಲಿನ ಗೌರವದಿಂದ ಟೋಪಿ ತೆಗೆದರು.

ತಪ್ಪಿಸಿಕೊಳ್ಳಲು ಪ್ರಯತ್ನಿಸಲಿಲ್ಲವೆಂದಲ್ಲ. ಒಂದಕ್ಕೆ ಹೋಗುವ ನೆವ ಮಾಡಿ ಮುಳ್ಳುಬೇಲಿಯ ಹಿಂದೆ ನುಸುಳಿದೆ. ಅತ್ತ ಹಾರಿ ಓಡೋಣವೆಂದರೆ ಆಳೆತ್ತರದ ತುರಿಕೆ ಗಿಡ. ತಲೆ ತಗ್ಗಿಸಿ ಹಿಂದಿರುಗಿದರೆ ಬೇಲಿಯ ಈಚೆ ಸಾಲೊಂದು ತಯಾರಾಗಿತ್ತು! ನಮ್ಮ ಜನ ಸಾಲು ಕಂಡರೆ ಮೊದಲು ನಿಲ್ಲುತ್ತಾರೆ, ಯಾತಕ್ಕೆಂದು ಆಮೇಲೆ ಯೋಚಿಸುತ್ತಾರೆ. ಒಬ್ಬೊಬ್ಬರಾಗಿ ಬಂದು ಬೇಲಿಯ ಹಿಂದೆ ಇಣುಕಿ, “ಆಹಾ, ಎಂಥ ನೋಟ!” ಎಂದು ಮುಂದೆ ಸರಿದರು.

ಈ ಸಾಲಿನ ಕಟ್ಟಕಡೆಯಲ್ಲಿ ಕಂದು ಕೋಟಿನ ಎತ್ತರದ ಮನುಷ್ಯನೊಬ್ಬನಿದ್ದ. ಮಾತಿಲ್ಲ ಕತೆಯಿಲ್ಲ, ಎಲ್ಲರೂ ದಾಟಿದ ಮೇಲೆ ಒಂದೊಂದು ಗೇಟನ್ನೂ ನೆನಪಿಟ್ಟು ಮುಚ್ಚಿ ಬರುತ್ತಿದ್ದ. ಸಜ್ಜನನಂತೆ ಕಂಡ. ಹತ್ತೂವರೆ ದಾಟಿ ಎಷ್ಟೋ ಹೊತ್ತಾಗಿತ್ತು. ದುಃಖ ತಡೆಯಲಾರದೆ ಅವನ ಕಿವಿಯಲ್ಲಿ ಎಲ್ಲವನ್ನೂ ಸುರಿದೆ.

“ಮಧ್ಯಾಹ್ನ ಮನೆಗೆ ಬೀಗರಾಗೋರು ಬರ್ತಾರೆ ಸ್ವಾಮಿ. ಅವರ ಊಟ ನೋಡಿ, ಈ ಚೀಲದಲ್ಲಿದೆ!”

“ಹೌದಾ? ಛೆ ಛೆ,” ಎಂದ ಅವನು.

“ಬ್ಲೆಂಕಿನ್ ಅಂತೆ ಅವರ ಹೆಸರು. ಕೆಮ್ಮಿನ ಔಷಧಿ ಹೆಸರಿದ್ದ ಹಾಗಿದೆ ಅಲ್ವಾ?”

“ಹಾಗೆ ಅನ್ನೋರಿದ್ದಾರೆ,” ಎಂದು ಅವನು ದೂರದ ಹಂಸವೊಂದನ್ನು ನೋಡಿದ.

“ಆ ತಾಯಿ ಆಲೂಗಡ್ಡೆ ಬೆಂದಿಲ್ಲ ಅಂತ ಒಂದು ಸಂಬಂಧಾನೇ ಮುರಿದಳಂತೆ. ರಾಕ್ಷಸಿ!”

“ನೀವೀಗ ಮನೆಗೆ ಹೋಗ್ಬೇಕಿತ್ತು, ಅಲ್ವಾ?”

“ಹೇಗೆ ಹೋಗ್ಲಿ? ಇಷ್ಟು ಜನರಿಗೆ ಬೇಜಾರಾಗಲ್ವಾ?”

ಅವನು ಹಿಂದಿನ ಗೇಟಿನ ಚಿಲಕ ಹಾಕಿದ. “ಅದೂ ನಿಜ,” ಎಂದ.

ಮುಂದೆ ಮುತ್ತಿನ ಗೇಟು ಎದುರಾಯಿತು. ಕೊರಳಿಗೆ ಹಾಕುವ ಮುತ್ತಲ್ಲ, ಕೆನ್ನೆಗೆ ಕೊಡುವ ಮುತ್ತು. ಬಾಗಿದ ಕಟಕಟೆಯೊಳಗೆ ತೂಗಾಡುವ ಒಂಟಿ ಗೇಟು. ದನ ದಾಟಲಾರದು, ಮನುಷ್ಯರು ಒಬ್ಬೊಬ್ಬರಾಗಿ ನುಸುಳಬೇಕು. ಮೊದಲು ದಾಟಿದವನು ಗೇಟು ಹಿಡಿದು ಹಿಂದಿನವರಿಂದ ಒಂದು ಮುತ್ತನ್ನು ಸುಂಕವಾಗಿ ಕೇಳಬಹುದೆಂಬುದು ಹಳೆಯ ಚೇಷ್ಟೆ. ನಾನು ದಾಟಿದೆ. ಹಿಂದೆ ನಾಯಿಯ ಅಜ್ಜಿ, ಹೆಸರು ಮಿಸೆಸ್ ಪೆವೆರಿಲ್, ಕಟಕಟೆಯೊಳಗೆ ಗಟ್ಟಿಯಾಗಿ ನಿಂತುಬಿಟ್ಟರು.

“ಸುಂಕ ಕೇಳೋದಿಲ್ವಾ, ಮುಂದಾಳು?”

ಇಲ್ಲವೆಂದರೆ ಎಂಬತ್ತರ ಹೆಂಗಸಿಗೆ ಅವಮಾನ! ಬೆನ್ನುಚೀಲ ಇಳಿಸಿ, ಬಾಗಿ, ಕೆನ್ನೆಗೆ ಮುತ್ತಿಟ್ಟೆ. ಅವರ ಹಿಂದಿದ್ದ ಗಿರಿಜಾಮೀಸೆಯ ನಿವೃತ್ತ ಮೇಜರ್ ಒಳಗೆ ಬಂದು, “ಸಂಪ್ರದಾಯ ಅಂದ್ಮೇಲೆ ಎಲ್ಲರಿಗೂ ಒಂದೇ, ಏನಂತೀರಿ?” ಎಂದು ಕೆನ್ನೆ ಮುಂದೆ ಮಾಡಿದರು. ಮೀಸೆ ಚುಚ್ಚಿತು. ಮುಂದಿನವರಿಗೆ ಕೊಡದಿದ್ದರೆ ಪಕ್ಷಪಾತವಾಗುತ್ತಿತ್ತು! ಸಾಲು ಸಾಗಿತು, ನನ್ನ ತುಟಿ ಸವೆಯಿತು. ಕೊನೆಗೆ ಕಂದು ಕೋಟಿನವನು ಬಂದು, “ನನಗೆ ಬೇಡಿ, ಪರವಾಗಿಲ್ಲ,” ಎಂದು ಕೈಕುಲುಕಿ ಗೇಟು ಮುಚ್ಚಿದ.

ತಿರುಗಿದರೆ ಚೀಲ ಖಾಲಿ. ಹುಲ್ಲಿನಲ್ಲಿ ದಪ್ಪ ನಾಯಿ ಬಿಳಿಯ ಮೂಳೆಯೊಂದನ್ನು ತಬ್ಬಿಕೊಂಡು ಕಣ್ಣು ಮುಚ್ಚಿ ಮಲಗಿತ್ತು.

“ಅಯ್ಯೋ ಬಿಷಪ್! ಏನೋ ಇದು ಕಂದಾ?” ಮಿಸೆಸ್ ಪೆವೆರಿಲ್ ಕೆನ್ನೆ ಹಿಡಿದುಕೊಂಡರು. “ಕ್ಷಮಿಸಿ. ಮನೇಲಿ ಅವನು ಕ್ಯಾರೆಟ್ ಬಿಟ್ಟು ಬೇರೇನೂ ಮುಟ್ಟೋದಿಲ್ಲ.”

“ನೀವು ಕ್ಷಮಿಸ್ಬೇಕು,” ಎಂದೆ ನಾನು. “ಚೀಲದ ಬಾಯಿ ನಾನು ಕಟ್ಟಿರ್ಲಿಲ್ಲ.” ನಾಯಿಯ ಕ್ಷಮೆಯನ್ನೂ ಕೇಳಿದೆನೆಂದು ನೆನಪು.

“ಮುಂದಾಳುಗಳೇ, ಊಟಕ್ಕೆ ಎಲ್ಲಿ ಕೂರೋದು?” ಎಂದರು ಮೇಜರ್. ಆ ಹೊತ್ತಿಗೆ ನನ್ನ ತಲೆಯಲ್ಲಿ ಉಳಿದಿದ್ದದ್ದು ಒಂದೇ ದಾರಿ. “ಹತ್ತಿರದಲ್ಲೇ,” ಎಂದು ಹೊಳೆದಂಡೆ ಹಿಡಿದು, ನನ್ನ ಹಿತ್ತಲ ಗೇಟು ತೆಗೆದು, ಹೆಸ್ಟರ್‌ಳ ಬಟಾಣಿ ಪಾತಿಯ ಪಕ್ಕದಲ್ಲಿ ಇಡೀ ಮೆರವಣಿಗೆಯನ್ನು ನಡೆಸಿದೆ.

ಊಟದ ಕೋಣೆಯ ಗಾಜಿನ ಬಾಗಿಲು ತೆರೆದಿತ್ತು. ಹೆಸ್ಟರ್, ರೊವೀನಾ, ಟೋಬಿ, ಮತ್ತೆ ನೇರ ಬೆನ್ನಿನ ಒಬ್ಬ ಹೆಂಗಸು ಮೇಜಿನ ಸುತ್ತ ಕೂತಿದ್ದರು. ಮೇಜಿನ ಮೇಲೆ ಬೆಂದ ಆಲೂಗಡ್ಡೆ ಇತ್ತು, ಪುದೀನ ಸಾಸ್ ಇತ್ತು. ನಡುವಿನ ದೊಡ್ಡ ತಟ್ಟೆ ಬರಿದಾಗಿತ್ತು.

“ನಾರ್ಮನ್,” ಎಂದಳು ಹೆಸ್ಟರ್, ತುಂಬಾ ಮೆಲ್ಲಗೆ. “ತೊಡೆ ಎಲ್ಲಿ?”

“ಬಿಷಪ್ ತಿಂದ್ಬಿಟ್ಟ.”

ನೇರ ಬೆನ್ನಿನ ಹೆಂಗಸು ಎದೆಯ ಮೇಲೆ ಕೈಯಿಟ್ಟುಕೊಂಡರು. “ಬಿಷಪ್ಪರೇ? ಹಸಿಯಾಗೇ?”

ನಾನು ನಾಯಿಯ ವಿಚಾರ ಬಿಡಿಸಿ ಹೇಳುವಷ್ಟರಲ್ಲಿ ಹಿತ್ತಲ ಗೇಟು ಮುಚ್ಚಿದ ಸದ್ದಾಯಿತು. ಕಂದು ಕೋಟಿನವನು ಟೋಪಿ ತೆಗೆದು ಒಳಗೆ ಬಂದ.

“ಕ್ಲೆಮೆಂಟ್!” ಎಂದರು ಆ ಹೆಂಗಸು. “ಎಲ್ಲಿ ಹೋಗಿದ್ದೆ? ಒಂದು ಗಂಟೆ ಹೊಡೆಯೋದ್ರೊಳಗೆ ನಡಿಗೆ ಮುಗಿಸಿ ಬರ್ತೀನಿ ಅಂದಿದ್ದೆ. ಅಷ್ಟಕ್ಕೂ ಈ ಜನರನ್ನ ಮುಂದೆ ನಿಂತು ನಡೆಸ್ಬೇಕಾಗಿದ್ದೋನು ನೀನಲ್ವಾ?”

ಇಪ್ಪತ್ತು ತಲೆಗಳು ಮೊದಲು ಅವನ ಕಡೆಗೂ ಆಮೇಲೆ ನನ್ನ ಕಡೆಗೂ ತಿರುಗಿದವು.

“ಹೌದು,” ಎಂದರು ನನ್ನ ಬೀಗರು. ಕೂಡಲೇ ಏಕವಚನ ಬಿಟ್ಟೆನೆಂಬುದನ್ನು ಗಮನಿಸಿ! “ಕಾರು ನಿಲ್ಸಿ ಬರೋದ್ರೊಳಗೆ ಇವರು ಹೊರಟುಬಿಟ್ಟಿದ್ರು. ಅಷ್ಟು ಚೆನ್ನಾಗಿ ನಡೆಸ್ತಾ ಇದ್ರು, ಮಧ್ಯೆ ಬಾಯಿ ಹಾಕೋದು ಸರಿಯಲ್ಲ ಅನ್ನಿಸ್ತು.”

“ಆದ್ರೆ ನಾನು ಬೀಗರ ವಿಷಯ ಹೇಳಿದಾಗಲಾದರೂ ನೀವು...” ಎಂದೆ.

“ಆಗ ಹೇಳಿದ್ರೆ ನಿಮಗೆ ಮುಜುಗರ ಆಗ್ತಿತ್ತು.”

“ನನ್ನ ವಿಷಯಾನೂ ಬಂತಾ?” ಎಂದರು ಮಿಸೆಸ್ ಬ್ಲೆಂಕಿನ್.

ಶ್ರೀಯುತ ಬ್ಲೆಂಕಿನ್ ನನ್ನನ್ನು ನೋಡಿದರು. ಆ ಗಳಿಗೆಯಲ್ಲಿ ಮದುವೆ, ಮನೆತನ, ನನ್ನ ಮರ್ಯಾದೆ ಎಲ್ಲವೂ ಆ ಮನುಷ್ಯನ ನಾಲಗೆಯ ತುದಿಯಲ್ಲಿದ್ದವು. “ಬಂತು,” ಎಂದರು ಅವರು ಶಾಂತವಾಗಿ. “ನೀನು ಆಲೂಗಡ್ಡೆ ಬಲ್ಲವಳು ಅಂದ್ರು.”

ಮಿಸೆಸ್ ಬ್ಲೆಂಕಿನ್‌ರ ಬೆನ್ನು ಒಂದು ಅಂಗುಲ ಸಡಿಲವಾಯಿತು. ಮುಂದಿನದನ್ನು ಮಂದೆಯೇ ನೋಡಿಕೊಂಡಿತು. ಇಪ್ಪತ್ತು ಚೀಲಗಳಿಂದ ಇಪ್ಪತ್ತು ಬುತ್ತಿ ಬಿಚ್ಚಿದವು: ಸೌತೆಕಾಯಿಯ ಸ್ಯಾಂಡ್‌ವಿಚ್, ಮೊಟ್ಟೆಯದು, ಚೀಸ್ ಉಪ್ಪಿನಕಾಯಿಯದು, ಮೇಜರರ ಹಂದಿಮಾಂಸದ ಕಡುಬು. ಬರಿದಾಗಿದ್ದ ದೊಡ್ಡ ತಟ್ಟೆ ಗೋಪುರವಾಯಿತು. ಮಿಸೆಸ್ ಬ್ಲೆಂಕಿನ್ ಆಲೂಗಡ್ಡೆಯೊಂದಕ್ಕೆ ಫೋರ್ಕ್ ಚುಚ್ಚಿದರು. ಕೋಣೆಯಿಡೀ ಉಸಿರು ಹಿಡಿಯಿತು. ಫೋರ್ಕ್ ಸಲೀಸಾಗಿ ಇಳಿಯಿತು.

“ಬೆಂದಿದೆ,” ಎಂದರು. ರೊವೀನಾ ಟೋಬಿಯ ಕೈ ಹಿಡಿದುಕೊಂಡಳು. ಮದುವೆ ಸೆಪ್ಟೆಂಬರ್‌ಗೆ ನಿಶ್ಚಯವಾಯಿತು.

ನನಗೆ ಮತ್ತೆ ಎದೆಯುಬ್ಬಿತು. ಸೇಬಿನ ಸೈಡರ್ ಲೋಟ ಹಿಡಿದು ಎದ್ದು ನಿಂತೆ. “ಚರ್ಚಿನ ಬಾಗಿಲಿಂದ ಪಾದ್ರಿಗಳ ಮುಂದಿನವರೆಗೆ ಮಗಳ ಕೈ ಹಿಡಿದು ನಡೆಸೋದು ತಂದೆಯ ಹಕ್ಕು. ಅವತ್ತು ನಮ್ಮ ರೊವೀನಾನ ನಾನೇ ಮುಂದೆ ನಿಂತು ನಡೆಸ್ತೀನಿ!”

ಇಪ್ಪತ್ತು ಜನರೂ ಚಪ್ಪಾಳೆ ತಟ್ಟಿದರು. ರೊವೀನಾ ಮಾತ್ರ ತಟ್ಟಲಿಲ್ಲ.

“ಬೇಡಪ್ಪ,” ಎಂದಳು. “ನಾನು ಅವತ್ತೇ ತಲುಪಬೇಕು.”